ರೀಮ್ಸ್‌ನ ಶರಣಾಗತಿ ಮ್ಯೂಸಿಯಂ: ನಕ್ಷೆ ಕೋಣೆಗಾದರೂ ಹೋಗಲೇಬೇಕು

ಫ್ರಾನ್ಸ್‌ನ ರೀಮ್ಸ್‌ಗೆ ಹೋದವರು ಹೆಚ್ಚಾಗಿ ಕ್ಯಾಥೆಡ್ರಲ್ ನೋಡಿ, ಶಾಂಪೇನ್ ರುಚಿ ನೋಡಿ ವಾಪಸಾಗುತ್ತಾರೆ. ರೈಲ್ವೆ ನಿಲ್ದಾಣದ ಹಿಂದುಗಡೆ ಕೆಂಪು ಇಟ್ಟಿಗೆಯ ಒಂದು ಶಾಲೆ ಇದೆ. ಮ್ಯೂಸಿಯಂ ಇರೋದು ಅಲ್ಲೇ. ಎರಡನೇ ಮಹಾಯುದ್ಧದ ಕೊನೆಗೆ, 1945ರಲ್ಲಿ, ಪಶ್ಚಿಮ ಯುರೋಪಿನ ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಅವರ ಮುಖ್ಯ ಕಚೇರಿ ಈ ಕಟ್ಟಡದಲ್ಲಿತ್ತು. ಮೇ 7ರ ನಸುಕಿನ 2.41ಕ್ಕೆ ಜರ್ಮನಿಯ ಜನರಲ್ ಯೋಡ್ಲ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದೂ ಇಲ್ಲೇ.

ಸಹಿ ನಡೆದ ನಕ್ಷೆ ಕೋಣೆಯನ್ನು ಗಾಜಿನ ಈಚೆ ನಿಂತು ನೋಡಬೇಕು. ಉದ್ದನೆಯ ಮರದ ಮೇಜು, ಕುರ್ಚಿಗಳು, ಗೋಡೆ ತುಂಬ ಯುದ್ಧಕಾಲದ ನಕ್ಷೆಗಳು. ಎಲ್ಲರೂ ಮೇಜಿನ ಫೋಟೋ ತೆಗೆದು ಹೊರಡುತ್ತಾರೆ. ನೀವು ಗೋಡೆ ನೋಡಿ. ಅಮೆರಿಕ, ಬ್ರಿಟನ್, ಕೆನಡಾ, ಫ್ರಾನ್ಸ್‌ನ ಸೈನ್ಯಗಳೆಲ್ಲ ಒಬ್ಬನೇ ದಂಡನಾಯಕನ ಕೈಕೆಳಗೆ ಹೋರಾಡಿದ್ದು ಇಂಥ ನಕ್ಷೆಗಳನ್ನು ಮುಂದಿಟ್ಟುಕೊಂಡು. ಐಸೆನ್‌ಹೋವರ್ ಅಮೆರಿಕದವರು, ಅವರ ಉಪನಾಯಕ ಟೆಡ್ಡರ್ ಬ್ರಿಟಿಷರು. ಮೊದಲ ಮಹಾಯುದ್ಧದಲ್ಲಿ ಹೀಗೆ ಒಬ್ಬನ ಕೈಗೆ ಹೊಣೆ ಕೊಡಲು 1918ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಜರ್ಮನರು ಬ್ರಿಟಿಷ್, ಫ್ರೆಂಚ್ ಸೈನ್ಯಗಳ ನಡುವೆ ನುಗ್ಗಿದ ಮೇಲಷ್ಟೇ ಫ್ರೆಂಚ್ ಜನರಲ್ ಫೋಶ್‌ಗೆ ಹೊಣೆ ಸಿಕ್ಕಿತು. ಅಷ್ಟರೊಳಗೆ ಎಷ್ಟು ಜೀವ ಹೋಗಿತ್ತು, ಅಲ್ವಾ?

ಸಹಿ ಹಾಕಿದವರ ಹೆಸರುಗಳನ್ನೂ ಗಮನಿಸಿ. ಫ್ರಾನ್ಸ್‌ನ ಸೆವೆಜ್ ಸಾಕ್ಷಿಯಾಗಿ ಮಾತ್ರ ಸಹಿ ಹಾಕಿದರು. ಸೋವಿಯತ್ ಪರವಾಗಿ ಸುಸ್ಲೋಪರೋವ್ ಹಾಕಿದರು, ಆದರೆ ಸ್ಟಾಲಿನ್ ಅದನ್ನು ಸಾಕು ಅನ್ನಲಿಲ್ಲ. ಮರುದಿನ ರಾತ್ರಿ ಬರ್ಲಿನ್‌ನಲ್ಲಿ ಮತ್ತೊಮ್ಮೆ ಶರಣಾಗತಿ ನಡೆಯಿತು. ಶತ್ರು ಒಬ್ಬನೇ ಆಗಿದ್ದರೂ ಸೋವಿಯತ್ ಸೈನ್ಯ ಈ ಕಮಾಂಡ್‌ನ ಕೆಳಗೆ ಇರಲೇ ಇಲ್ಲ.

ಹೋಗುವ ಮುಂಚೆ ಸ್ಟ್ರಾಸ್‌ಬರ್ಗ್ ಕಥೆ ಓದಿಕೊಂಡು ಹೋಗಿ. ಜರ್ಮನರ ಹಿಡಿತದಿಂದ ಆಗಷ್ಟೇ ಬಿಡುಗಡೆಯಾಗಿದ್ದ, ಫ್ರಾನ್ಸ್‌ನ ಗಡಿಯ ಆ ನಗರವನ್ನು ಬಿಟ್ಟು ಹಿಂದೆ ಸರಿಯಲು 1945ರ ಜನವರಿಯಲ್ಲಿ ಐಸೆನ್‌ಹೋವರ್ ಆದೇಶ ಕೊಟ್ಟಿದ್ದರು. ಸೈನ್ಯದ ಲೆಕ್ಕಕ್ಕೆ ಅದು ಸರಿ. ಆದರೆ ಊರಲ್ಲಿ ಉಳಿಯುವ ಜನರ ಗತಿ ಏನು? ಫ್ರಾನ್ಸ್ ಸರ್ಕಾರದ ಮುಖ್ಯಸ್ಥ ಡಿ ಗಾಲ್ ಒಪ್ಪಲಿಲ್ಲ, ನಗರ ಕಾಯುವಂತೆ ತಮ್ಮ ಜನರಲ್‌ಗೆ ಹೇಳಿಬಿಟ್ಟರು. ಕೊನೆಗೆ ಚರ್ಚಿಲ್ ಎದುರೇ ವರ್ಸೇಲ್ಸ್‌ನಲ್ಲಿ ಮಾತುಕತೆ ನಡೆದು ಆದೇಶ ಬದಲಾಯಿತು. ಡಿ ಗಾಲ್ ಮಾಡಿದ್ದು ಸರಿ ಅಂತಲೇ ನನ್ನ ಅನಿಸಿಕೆ.

ಒಟ್ಟಿಗೆ ಹೋರಾಡುವಾಗ ಕಮಾಂಡ್ ಒಂದೇ ಇರಬೇಕು. ಆದರೆ ಬೇಡ ಅನ್ನುವ ಹಕ್ಕು ಪ್ರತಿ ದೇಶಕ್ಕೂ ಉಳಿಯಬೇಕು. ಫ್ರಾನ್ಸ್ 1966ರಲ್ಲಿ ಪಾಶ್ಚಾತ್ಯ ದೇಶಗಳ ಸೇನಾ ಒಕ್ಕೂಟವಾದ ನೇಟೋದ ಜಂಟಿ ಕಮಾಂಡ್‌ನಿಂದ ಹೊರನಡೆಯಿತು, 2009ರಲ್ಲಿ ಪೂರ್ತಿಯಾಗಿ ಮರಳಿತು. ಒಕ್ಕೂಟ ಮುರಿಯಲಿಲ್ಲ. ಎಲ್ಲ ಸೈನ್ಯಗಳನ್ನೂ ಕಾಯಂ ಒಂದಾಗಿಸಬೇಕು ಅನ್ನುವವರೂ, ಜಂಟಿ ಕಮಾಂಡ್ ಅಂದರೆ ಗುಲಾಮಗಿರಿ ಅನ್ನುವವರೂ ಈ ಕೋಣೆಯನ್ನು ಒಮ್ಮೆ ನೋಡಲಿ.

ಚಿಕ್ಕ ಮ್ಯೂಸಿಯಂ, ಒಂದೆರಡು ಗಂಟೆ ಸಾಕು. ಒಂದು ಕಿರುಚಿತ್ರವನ್ನೂ ತೋರಿಸುತ್ತಾರೆ. ಅದನ್ನು ಮೊದಲು ನೋಡಿ, ಆಮೇಲೆ ನಕ್ಷೆ ಕೋಣೆಗೆ ಹೋಗಿ.