ತಾರಸಿ ಬಿಸಿಗೆ ಸುಣ್ಣವೋ, ಪೇಂಟೋ, ಚಪ್ಪರವೋ?

ಮೈಸೂರಿನಲ್ಲಿ ಮಹಡಿ ಮೇಲೆ ಇರುವವರಿಗೆ ಗೊತ್ತು, ಏಪ್ರಿಲ್‌ನಲ್ಲಿ ಮಧ್ಯಾಹ್ನಕ್ಕಿಂತ ರಾತ್ರಿ ಎಂಟು ಗಂಟೆಯ ಸೆಕೆಯೇ ಜಾಸ್ತಿ. ಹೊರಗೆ ತಣ್ಣನೆ ಗಾಳಿ ಶುರುವಾಗಿರುತ್ತದೆ, ಒಳಗೆ ಫ್ಯಾನ್ ಹಾಕಿದರೆ ಬಿಸಿಗಾಳಿ. ಹಗಲೆಲ್ಲ ಬಿಸಿಲು ಕುಡಿದ ಆರ್‌ಸಿಸಿ ಅದನ್ನು ನಿಧಾನಕ್ಕೆ ಕೆಳಗೆ ಬಿಡುವುದು ಸಂಜೆ ಮೇಲೇ ಅಲ್ವಾ.

ನಮ್ಮ ಭಾವ ರಾಜಸ್ಥಾನದ ಜೋಧಪುರದಲ್ಲಿ ಕೆಲಸಕ್ಕಿದ್ದಾರೆ. "ಎಸಿಗೆ ದುಡ್ಡು ಸುರೀಬೇಡ ಕಣೋ, ಮೊದಲು ತಾರಸಿ ನೋಡ್ಕೋ" ಅಂದರು. ಮರುಭೂಮಿ ಊರುಗಳ ಹಳೇ ಮನೆಗಳಲ್ಲಿ ದಪ್ಪ ಕಲ್ಲಿನ ಗೋಡೆ, ಚಿಕ್ಕ ಕಿಟಕಿ, ತೂತು ಕೊರೆದ ಕಲ್ಲಿನ ಜಾಲಂದ್ರ, ನಡುವೆ ಅಂಗಳ ಇರುತ್ತವೆ. ಕಟ್ಟಿ ಮುಗಿದ ಮನೆಗೆ ಇದ್ಯಾವುದನ್ನೂ ಸೇರಿಸಲು ಆಗುವುದಿಲ್ಲ. ಆಗುವುದು ತಾರಸಿಗೆ ಮತ್ತು ಕಿಟಕಿಗೆ ಮಾತ್ರ. ನಮ್ಮ ಮಹಡಿಯಲ್ಲಿ ಸಾಲಾಗಿ ಮೂರು ರೂಮು, ಮೂರಕ್ಕೂ ಒಂದೇ ಮೋಲ್ಡು. ಒಂದರ ಮೇಲೆ ಸುಣ್ಣ, ಇನ್ನೊಂದರ ಮೇಲೆ ಬಿಸಿಲು ವಾಪಸ್ ಕಳಿಸುವ ಕೂಲ್ ರೂಫ್ ಪೇಂಟು, ಪಶ್ಚಿಮದ ರೂಮಿನ ಮೇಲೆ ಶೇಡ್ ನೆಟ್ಟಿನ ಚಪ್ಪರ. ಒಂದೇ ಬೇಸಿಗೆ, ಒಂದೇ ಬಿಸಿಲು.

ಸುಣ್ಣದ್ದು ಮೊದಲು ಹೇಳುತ್ತೇನೆ, ಯಾಕೆಂದರೆ ಅದಕ್ಕೆ ಖರ್ಚೇ ಇಲ್ಲ ಅನ್ನಬಹುದು. ಬೂದು ಸಿಮೆಂಟು ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಳಿದ ಬಿಳಿ ಸುಣ್ಣ ಹೆಚ್ಚಿನ ಪಾಲನ್ನು ವಾಪಸ್ ಕಳಿಸುತ್ತದೆ. ಅಷ್ಟೇ ಲೆಕ್ಕ. ಅಹಮದಾಬಾದಿನಲ್ಲಿ 2017ರಲ್ಲಿ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಯುವ ಕೆಲಸ ಶುರುವಾದದ್ದೂ ಇದೇ ಲೆಕ್ಕದ ಮೇಲೆ. ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ನಿಂತು ನೋಡಿ. ಖಾಲಿ ಸಿಮೆಂಟಿನ ಮೇಲೆ ಕುಣಿಯಬೇಕು, ಸುಣ್ಣದ ಮೇಲೆ ಆರಾಮಾಗಿ ನಿಂತು ಫೋನಲ್ಲಿ ಮಾತಾಡಬಹುದು. ರಾತ್ರಿ ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಒತ್ತಿದರೂ ವ್ಯತ್ಯಾಸ ಗೊತ್ತಾಗುತ್ತಿತ್ತು. ಏನೂ ಬಳಿಯದೆ ಬಿಟ್ಟಿದ್ದ ಮೆಟ್ಟಿಲ ಪ್ಯಾಸೇಜಿನ ಸೀಲಿಂಗು ಆ ಹೊತ್ತಿಗೂ ಬಿಸಿ, ಸುಣ್ಣದ ರೂಮಿನದು ಬರೀ ಬೆಚ್ಚಗೆ.

ಕಾಟವೂ ಇದೆ. ಬಿಳಿ ಧೂಳು ಕಾಲಿಗೆ ಅಂಟಿ ಮೆಟ್ಟಿಲ ತುಂಬ ಹೆಜ್ಜೆ. ಹಗಲು ಅಲ್ಲಿ ಕಣ್ಣು ಬಿಡಲಾಗದಷ್ಟು ಬೆಳಕು, ಎದುರು ಮನೆಯ ಎರಡನೇ ಮಹಡಿಯ ಆಂಟಿ ಕಿಟಕಿಗೆ ಪರದೆ ಹಾಕಿಕೊಂಡರು. ಮಳೆಗಾಲ ಮುಗಿಯುವಷ್ಟರಲ್ಲಿ ಮುಕ್ಕಾಲು ಪಾಲು ತೊಳೆದು ಹೋಗಿರುತ್ತದೆ, ಅಂದರೆ ವರ್ಷಾ ವರ್ಷಾ ಬಳಿಯಬೇಕು. ಮಳೆ ಕಡಿಮೆ ಇರುವ ಜೋಧಪುರದಲ್ಲಿ ಈ ತಾಪತ್ರಯ ಕಡಿಮೆ.

ಪೇಂಟಿನ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಹೊಸದರಲ್ಲಿ ಸುಣ್ಣದಷ್ಟೇ ತಂಪು, ಧೂಳು ಬಿಡುವುದಿಲ್ಲ, ಮಳೆಗೆ ತಡೆಯುತ್ತದೆ. ಆದರೆ ರೇಟು ಸುಣ್ಣದ ಹತ್ತಿರಕ್ಕೂ ಬರುವುದಿಲ್ಲ. ಕೊಳೆ ಕೂತು ಬೂದು ಬಣ್ಣಕ್ಕೆ ತಿರುಗಿದರೆ ಗುಣವೂ ಇಳಿಯುತ್ತದೆ, ಬೇಸಿಗೆಗೆ ಮುಂಚೆ ತಿಕ್ಕಿ ತೊಳೆಯಲೇಬೇಕು. ಒದ್ದೆಯಾದಾಗ ಜಾರುತ್ತದೆ, ವಯಸ್ಸಾದವರು ಬಟ್ಟೆ ಒಣಹಾಕಲು ಹೋಗುವ ಮನೆಯಾದರೆ ಯೋಚನೆ ಮಾಡಿ.

ತಂಪಿನಲ್ಲಿ ಗೆದ್ದದ್ದು ಚಪ್ಪರ, ಅದರಲ್ಲಿ ಎರಡು ಮಾತಿಲ್ಲ. ಜಿಐ ಪೈಪಿನ ಚೌಕಟ್ಟು, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ 75 ಪರ್ಸೆಂಟಿನ, ಅಂದರೆ ಮುಕ್ಕಾಲು ಪಾಲು ಬಿಸಿಲು ತಡೆಯುವ ಹಸಿರು ನೆಟ್ಟು. ಬಿಸಿಲು ಮೋಲ್ಡಿಗೆ ಮುಟ್ಟುವ ಮೊದಲೇ ನಿಲ್ಲುತ್ತದೆ, ನೆಟ್ಟಿನ ಬಿಸಿಯನ್ನು ನಡುವೆ ಓಡಾಡುವ ಗಾಳಿ ಹೊತ್ತೊಯ್ಯುತ್ತದೆ. ಪಶ್ಚಿಮದ ರೂಮು ಅಂದರೆ ನಮ್ಮಲ್ಲಿ ಯಾರೂ ಮಲಗದ ರೂಮಾಗಿತ್ತು, ಆ ಬೇಸಿಗೆಯಲ್ಲಿ ಮಗಳು ಅಲ್ಲೇ ಓದಲು ಕೂತಳು. ಬದಿಗೆ ಹೀರೆ ಬಳ್ಳಿ ಹಬ್ಬಿಸಿದ ಮೇಲೆ ಇನ್ನೂ ವಾಸಿ. ಆದರೆ ಮೇ ತಿಂಗಳ ಗಾಳಿಮಳೆ ಸುಮ್ನೆ ಬಿಡುತ್ತದೆಯೇ? ಒಂದು ಸಂಜೆ ಮೂಲೆ ಕಿತ್ತುಕೊಂಡು ನೆಟ್ಟು ಪಕ್ಕದವರ ನುಗ್ಗೆಮರದ ಮೇಲೆ ಕೂತಿತ್ತು. ಮನೆಯವಳ ದೂರು ಬೇರೆಯೇ: "ಇದರ ಕೆಳಗೆ ಸಂಡಿಗೆ ಒಣಗಲ್ಲ, ಸುಣ್ಣದ ಮೇಲೆ ಹಾಕಿದರೆ ಪುಡಿ ಅಂಟುತ್ತೆ, ನಾನೆಲ್ಲಿಗೆ ಹೋಗಲಿ?" ಉತ್ತರ ಪೇಂಟು ಬಳಿದ ಜಾಗ. ಅಷ್ಟು ದುಡ್ಡು ಕೊಟ್ಟದ್ದಕ್ಕೆ ಅದೊಂದು ಉಪಯೋಗ.

ರಾಜಸ್ಥಾನದ ಇನ್ನೊಂದು ಉಪಾಯ ನೀರಿನದು. ಡೆಸರ್ಟ್ ಕೂಲರ್ ಕೆಲಸ ಮಾಡುವುದು ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುವುದರಿಂದ, ಅದಕ್ಕೆ ಗಾಳಿ ಒಣಗಿರಬೇಕು. ಮಾರ್ಚ್ ಮತ್ತು ಏಪ್ರಿಲ್ ಮಧ್ಯಾಹ್ನ ಮೈಸೂರಿನಲ್ಲೂ ಚೆನ್ನಾಗಿ ನಡೆಯುತ್ತದೆ, ಎದುರಿನ ಕಿಟಕಿ ತೆರೆದಿಟ್ಟರೆ ಮಾತ್ರ. ಮಳೆ ಹಿಡಿದ ಮೇಲೆ ರೂಮಿನಲ್ಲಿ ಬರೀ ಜಿಗುಟು, ಹಾಸಿಗೆ ಕೂಡ ಥಂಡಿ ಹಿಡಿದ ಹಾಗೆ. ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯವರು ಅದಕ್ಕೆ ಬಕೆಟ್‌ಗಟ್ಟಲೆ ಸುರಿಯುವುದು ಕಷ್ಟ. ಕಿಟಕಿಗೆ ಲಾವಂಚದ ತಡಿಕೆ ಕಟ್ಟಿ ನೀರು ಚಿಮುಕಿಸುವುದು ಇದಕ್ಕಿಂತ ಎಷ್ಟೋ ಮೇಲು. ತಂಪು ಕೂಲರಿನ ಅರ್ಧವೂ ಇಲ್ಲ, ಆದರೆ ಆ ವಾಸನೆಗೇ ನಾನು ಮಾರ್ಕು ಕೊಡುತ್ತೇನೆ.

ಹೊಸದಾಗಿ ಕಟ್ಟುವವರು ಮರುಭೂಮಿ ಮನೆಯ ಫೋಟೋ ಹಿಡಿದು ಮೇಸ್ತ್ರಿ ಹತ್ತಿರ ಹೋಗುವ ಮುಂಚೆ ಪಾಂಡವಪುರ, ಮೇಲುಕೋಟೆ ಕಡೆಯ ತೊಟ್ಟಿ ಮನೆ ನೋಡಿ ಬನ್ನಿ. ಅಂಗಳ ಎರಡೂ ಕಡೆ ಇದೆ, ದಪ್ಪ ಗೋಡೆಯೂ ಇದೆ. ಜೈಸಲ್ಮೇರಿನ ಛಾವಣಿ ಮಟ್ಟಸ, ರಾತ್ರಿ ಅದರ ಮೇಲೆ ಮಲಗಬಹುದು. ನಮ್ಮದು ಹೆಂಚಿನ ಇಳಿಜಾರು, ಮಳೆ ಬಂದರೆ ನೀರು ತೊಟ್ಟಿಗೆ ಬೀಳುತ್ತದೆ. ಹೆಂಚು ಬೇಗ ಕಾಯ್ದು ಬೇಗ ಆರುತ್ತದೆ, ಕಾಯ್ದ ಗಾಳಿ ಅಟ್ಟದಲ್ಲೇ ಉಳಿಯುತ್ತದೆ. ಅಲ್ಲಿಯವರ ಗೋಡೆ ತಂದುಕೊಳ್ಳಿ, ಛಾವಣಿ ಬೇಡ.

ನಾನೀಗ ಪಶ್ಚಿಮಕ್ಕೆ ಚಪ್ಪರ ಉಳಿಸಿಕೊಂಡು ಮಿಕ್ಕಿದ್ದಕ್ಕೆಲ್ಲ ಸುಣ್ಣ ಅಂತ ತೀರ್ಮಾನ ಮಾಡಿದ್ದೇನೆ. ಪೇಂಟು ಸವೆದ ಮೇಲೆ ಮತ್ತೆ ಹೊಡೆಸುವುದಿಲ್ಲ. ಬಾಡಿಗೆ ಮನೆಯವರಿಗೂ ಸುಣ್ಣವೇ ಸರಿ. ಶಿವರಾತ್ರಿ ಆಸುಪಾಸು ಬಳಿಯಿರಿ. ಸುಣ್ಣದ ಕಲ್ಲು ನೀರಿಗೆ ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ, ಅದಕ್ಕೆ ಪ್ಲಾಸ್ಟಿಕ್ ಬಕೆಟ್ ಬೇಡ, ಮಕ್ಕಳು ಹತ್ತಿರ ಬರದ ಹಾಗೆ ನೋಡಿಕೊಳ್ಳಿ. ರಾತ್ರಿಯೆಲ್ಲ ಬಿಟ್ಟು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಫೆವಿಕಾಲ್ ಕಲಸಿ. ಬಿಸಿಲು ಇಳಿದ ಮೇಲೆ ತಾರಸಿಗೆ ನೀರು ಹಾಕಿ, ತೆಳ್ಳಗೆ ಎರಡು ಸಲ ಬಳಿಯಿರಿ. ದಪ್ಪಗೆ ಒಂದೇ ಸಲ ಬಳಿದರೆ ಚಕ್ಕೆ ಏಳುತ್ತದೆ.