ಕತ್ತಿನ ಮೇಲಿನ ಕೀಲು ಸರಿದವರೇ, ‘ಚಿಕ್ಕ ಗಾಯ’ ಎಂದೊಡನೆ ಸಹಿ ಹಾಕಬೇಡಿ

ವಿಜಯಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಮ್ಮ ವೈನಿಗೆ (ಅಣ್ಣನ ಹೆಂಡತಿಗೆ) ಕತ್ತಿನ ‘ಕೀಹೋಲ್’ ಶಸ್ತ್ರಚಿಕಿತ್ಸೆ ಮಾಡಿದರು. ಗಾಯ ಚಿಕ್ಕದು, ರಕ್ತ ಹೋಗಿದ್ದು ಕಡಿಮೆ, ಮನೆಗೂ ಬೇಗ ಕಳುಹಿಸಿದರು. ಹೇಳಿದ್ದೆಲ್ಲ ನಡೆಯಿತು, ಕಾಯಿಲೆ ಮಾತ್ರ ಇದ್ದಲ್ಲೇ ಇತ್ತು. ಇಂಥದೇ ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಂಡವರು ದಯವಿಟ್ಟು ಇದನ್ನು ಓದಿ.

ವೈನಿಗೆ ಬಹಳ ವರ್ಷಗಳಿಂದ ರುಮಟಾಯ್ಡ್ ಸಂಧಿವಾತ. ಇಳಕಲ್ಲಿನಲ್ಲಿ ಸೀರೆಯ ಒಡಲಿಗೂ ಸೆರಗಿಗೂ ಎಳೆ ಕೂಡಿಸಿ ಕೊಂಡಿ ಹಾಕುವ ಕೈ ಅವರದು. ಎಳೆಗಳು ಬೆರಳಿನಿಂದ ಜಾರತೊಡಗಿದವು, ಕುಪ್ಪಸದ ಹುಕ್ಕು ಹಾಕಲು ಮಗಳು ಬೇಕಾದಳು. ನೋಡಿದ ವೈದ್ಯರೆಲ್ಲ ಅದನ್ನು ಬೆರಳುಗಂಟುಗಳ ಲೆಕ್ಕಕ್ಕೆ ಸೇರಿಸಿದರು. ನಡೆಯುವಾಗ ತೂರಾಡಿದ ಮೇಲಷ್ಟೇ ಕತ್ತಿನ ಎಕ್ಸ್‌ರೇ ಆಯಿತು. ಮೊದಲ ಎರಡು ಕಶೇರುಕಗಳ (ಬೆನ್ನೆಲುಬಿನ ಮೂಳೆಗಳ) ನಡುವಿನ ಕೀಲು ಸರಿದಿತ್ತು. ಈ ಸಂಧಿವಾತ ಅಲ್ಲಿ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜುವನ್ನೂ ಸಡಿಲಿಸಬಹುದು. ಆಗ ಎರಡನೆಯ ಕಶೇರುಕದ ಹಲ್ಲಿನಂಥ ಮೂಳೆ ಬೆನ್ನುಹುರಿಯನ್ನು ಒತ್ತಬಹುದು. ವಯಸ್ಕರಲ್ಲಿ ಆ ಮೂಳೆಗೂ ಮೊದಲ ಕಶೇರುಕದ ಮುಂಭಾಗಕ್ಕೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಅಂತರ ಕಂಡರೆ ಅನುಮಾನ ಪಡಬೇಕು. ಸರಿದ ಕೀಲನ್ನು ಜಾಗಕ್ಕೆ ತಂದು ಸ್ಕ್ರೂ ಹಾಕಿ ಬೆಸೆಯುವುದೇ ಆಪರೇಷನ್.

ಆ ಆಸ್ಪತ್ರೆಯಲ್ಲಿ ಮಾತೆಲ್ಲ ಚರ್ಮದ ಬಗ್ಗೆಯೇ. ಎಷ್ಟು ಹೊಲಿಗೆ, ಕಲೆ ಉಳಿಯುತ್ತದೆಯೋ ಇಲ್ಲವೋ; ಮೊಬೈಲಿನಲ್ಲಿ ಯಾರದೋ ಕತ್ತಿನ ಫೋಟೊ ಬೇರೆ. ಕತ್ತನ್ನು ಬಾಗಿಸಿ, ಹಿಂದಕ್ಕೆತ್ತಿಸಿ ತೆಗೆಯುವ ಎಕ್ಸ್‌ರೇ ಮಾಡಿಸಲಿಲ್ಲ. ಸರಿದ ಕೀಲು ತನ್ನ ಜಾಗಕ್ಕೆ ಮರಳುತ್ತದೆಯೇ ಎಂಬುದು ಗೊತ್ತಾಗುವುದು ಅದರಿಂದ. ರಕ್ತನಾಳದ ಸಿಟಿ ಆಂಜಿಯೋಗ್ರಾಮ್ ಕೂಡ ಇಲ್ಲ. ಮೆದುಳಿಗೆ ರಕ್ತ ಒಯ್ಯುವ ವರ್ಟೆಬ್ರಲ್ ಅಪಧಮನಿ ಸ್ಕ್ರೂ ಹೋಗುವ ದಾರಿಯ ಮಗ್ಗುಲಲ್ಲೇ ಇದೆ. ಕೆಲವರಲ್ಲಿ ಅದು ಮೇಲೆ ಬಾಗಿ ಸ್ಕ್ರೂಗೆ ಮೂಳೆಯನ್ನೇ ಉಳಿಸುವುದಿಲ್ಲ. ತೆರೆದು ಮಾಡಿದಾಗ ಕಣ್ಣಿಗೆ ಬೀಳುವುದು ಸಣ್ಣ ಕೊಳವೆಯಿಂದ ಕಾಣುವುದಿಲ್ಲ. ಗಾಯ ಚಿಕ್ಕದಾದಷ್ಟೂ ಮುಂಚಿನ ಸ್ಕ್ಯಾನ್ ಹೆಚ್ಚು ಬೇಕು. ಆ ವಿಧಾನವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತಕ್ಕ ರೋಗಿ, ಸ್ಕ್ರೂ ಹೋಗುವ ದಾರಿ ತೋರಿಸುವ ನ್ಯಾವಿಗೇಷನ್ ಉಪಕರಣ, ಪಳಗಿದ ಕೈ ಇದ್ದರೆ ಸ್ನಾಯುವಿಗೆ ಪೆಟ್ಟು ಕಡಿಮೆ, ನೋವೂ ಕಡಿಮೆ. ಇಲ್ಲಿ ಮಾರಿದ್ದು ಗಾಯದ ಅಳತೆಯನ್ನು.

ಮನೆಗೆ ಬಂದರೂ ಕೈಯ ಜೋಮು ಹೋಗಲಿಲ್ಲ. ಕೇಳಿದಾಗಲೆಲ್ಲ ‘ನರಕ್ಕೆ ಸಮಯ ಬೇಕು’ ಎಂಬ ಉತ್ತರ, ಜೊತೆಗೆ ಬಿ12 ಮಾತ್ರೆ. ಸ್ಕ್ಯಾನ್ ಸಿಡಿ ಕೇಳಿದರೆ ‘ನಾಳೆ ಬನ್ನಿ’. ಅರ್ಜಿ ಕೊಟ್ಟ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂಬ ವೈದ್ಯಕೀಯ ಪರಿಷತ್ತಿನ 2002ರ ನಿಯಮವನ್ನು ಅಣ್ಣ ಅರ್ಜಿಯಲ್ಲೇ ಬರೆದ ಮೇಲೆ ಸಿಡಿ ಹೊರಬಂತು. ಬೆಳಗಾವಿಯ ನರಶಸ್ತ್ರಚಿಕಿತ್ಸಕರೊಬ್ಬರು ಹೊಸ ಸಿಟಿ ಮಾಡಿಸಿ ಪರದೆಯ ಮೇಲೆ ತೋರಿಸಿದರು: ಕೀಲನ್ನು ಸರಿದ ಜಾಗದಲ್ಲೇ ಬಿಗಿದುಬಿಟ್ಟಿದ್ದಾರೆ, ಒಂದು ಸ್ಕ್ರೂ ಮೂಳೆ ಬಿಟ್ಟು ಅಪಧಮನಿಯ ಕಡೆ ಮೂತಿ ಚಾಚಿದೆ.

ಎರಡನೆಯ ಬಾರಿ ತೆರೆದೇ ಮಾಡಿದರು. ಮುಂಬೈನ ಡಾ. ಅತುಲ್ ಗೋಯಲ್ 1994ರಲ್ಲಿ ಪ್ರಕಟಿಸಿದ, 2001ರಲ್ಲಿ ಜರ್ಮನಿಯ ಹಾರ್ಮ್ಸ್ ಮಾರ್ಪಡಿಸಿದ ವಿಧಾನವದು. ಈಗ ನಡಿಗೆ ಸುಧಾರಿಸಿದೆ, ಬೆರಳು ಪೂರ್ತಿ ಮರಳಿಲ್ಲ. ಕೊಂಡಿ ಹಾಕುವ ಕೆಲಸ ಮಗಳ ಪಾಲಾಗಿದೆ. ಪಕ್ಕಕ್ಕೆ ನೋಡಬೇಕಾದರೆ ವೈನಿ ಮೈಯನ್ನೂ ತಿರುಗಿಸಬೇಕು. ತಲೆ ತಿರುಗಿಸುವ ಸುಮಾರು ಅರ್ಧ ಚಲನೆ ಈ ಕೀಲಿನದು, ಯಾರೇ ಬೆಸೆದರೂ ಅದು ಹೋಗುತ್ತದೆ. ಬೆಳಗಾವಿಯಲ್ಲಿ ಇದನ್ನು ಮೊದಲೇ ಹೇಳಿದರು. ಮೊದಲ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರವೇ ಇಂಗ್ಲಿಷಿನಲ್ಲಿತ್ತು, ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿ ಕೊಟ್ಟಿದ್ದರು.

ಆದ್ದರಿಂದ ವೈದ್ಯರನ್ನು ನೇರವಾಗಿ ಕೇಳಿ: ಕೀಲು ಜಾಗಕ್ಕೆ ಮರಳುತ್ತದೆಯೇ, ಆಂಜಿಯೋಗ್ರಾಮ್‌ನಲ್ಲಿ ಏನು ಕಂಡಿತು, ಇದೇ ಕೀಲಿಗೆ ಈ ವಿಧಾನದಲ್ಲಿ ನೀವು ಎಷ್ಟು ಜನರಿಗೆ ಮಾಡಿದ್ದೀರಿ, ಆದ ಮೇಲೆ ಸಿಟಿ ಮಾಡಿಸುತ್ತೀರಾ. ಸಿಡುಕಿದರೆ ಸ್ಕ್ಯಾನ್‌ಗಳನ್ನು ತೆಗೆದುಕೊಂಡು ಇನ್ನೊಬ್ಬರ ಬಳಿ ಹೋಗಿ. ಅಲ್ಲಿಯವರೆಗೆ ಕೊರಳಪಟ್ಟಿ ತೆಗೆಯಬೇಡಿ. ಕ್ಷೌರದಂಗಡಿಯಲ್ಲಾಗಲಿ, ಮಾಲಿಶ್ ಮಾಡುವವರಲ್ಲಾಗಲಿ ಕತ್ತಿನ ಲಟಿಕೆ ತೆಗೆಸಲೇಬೇಡಿ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳುವ ಪ್ರಾಧಿಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರತಿ ಜಿಲ್ಲೆಯಲ್ಲೂ ಇದೆ. ಎರಡೂ ಕಡೆಯ ಸ್ಕ್ಯಾನ್‌ಗಳ ಸಿಡಿ ಲಗತ್ತಿಸಿ ನಮ್ಮ ದೂರು ಅಲ್ಲಿಗೆ ಹೋಗಿದೆ.