ಬಳ್ಳಾರಿಯ ಟರ್ಬೊ ಕಾರಿನವರೇ, ‘ಆ್ಯಂಟಿ-ಲ್ಯಾಗ್’ ಎಂದು ಮಾರುತ್ತಿರುವುದು ಬರೀ ಸದ್ದು

ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಸಾಧನ) ಇರುವ ಪೆಟ್ರೋಲ್ ಕಾರು ಇಟ್ಟುಕೊಂಡಿರುವ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪದ ಗೆಳೆಯರು ಹಣ ಕೊಡುವ ಮುಂಚೆ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಗರದ ಟ್ಯೂನಿಂಗ್ ಅಂಗಡಿಯೊಂದು ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ಫೈಲ್ ಬದಲಿಸುವುದು), ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಜೋರಾಗಿ ಹೊರಡಲು ಎಂಜಿನ್ ವೇಗವನ್ನು ಹಿಡಿದಿಡುವುದು), ಆ್ಯಂಟಿ-ಲ್ಯಾಗ್ (ಕಾಲು ತೆಗೆದಾಗಲೂ ಟರ್ಬೊ ನಿಧಾನವಾಗದಂತೆ ತಡೆಯುವುದು) ಮೂರೂ ಸೇರಿ ಎಂದು ನನ್ನಿಂದ 38,000 ರೂಪಾಯಿ ಪಡೆದು, ಸೈಲೆನ್ಸರಿನಿಂದ ಪಟಪಟ ಸಿಡಿಯುವ ಸದ್ದನ್ನು ಕೊಟ್ಟು ಕಳುಹಿಸಿತು. ಸದ್ದು ಮಾತ್ರ. ಆ ಸದ್ದಿಗೆ ನನ್ನ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯನ್ನು ಶುದ್ಧಗೊಳಿಸುವ ಭಾಗ) ಆಹುತಿಯಾಯಿತು.

ಕೆಲಸ ನಡೆದ ರೀತಿಯನ್ನು ಗಮನಿಸಿ. ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿಗೆ ಸಂಪರ್ಕ ಕೊಡುವ ಕಿಂಡಿ) ವೈರು ಚುಚ್ಚಿ, ಲ್ಯಾಪ್‌ಟಾಪನ್ನು ಪಕ್ಕದ ಸೀಟಿನ ಮೇಲಿಟ್ಟು, ಫೈಲ್ ಹಾಕಿದರು. ಬಾನೆಟ್ ಎತ್ತಲೇ ಇಲ್ಲ. ನಿಜವಾದ ಆ್ಯಂಟಿ-ಲ್ಯಾಗ್‌ನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೂ ಎಂಜಿನ್ನಿಗೆ ಗಾಳಿ ಹೋಗುತ್ತಿರಬೇಕು. ಅದಕ್ಕಾಗಿ ಗಾಳಿಯ ಬಾಗಿಲಾದ ಥ್ರಾಟಲನ್ನು ತೆರೆದಿಡಬೇಕು, ಇಲ್ಲವೇ ಬೇರೆ ಕೊಳವೆಯಿಂದ ಗಾಳಿಯನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ (ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆಗೆ) ಬಿಡಬೇಕು. ಆಗ ಇಂಧನ ಅಲ್ಲಿಯೇ ಉರಿದು ಟರ್ಬೊದೊಳಗಿನ ಚಕ್ರವಾದ ಟರ್ಬೈನ್ ತಿರುಗುತ್ತಲೇ ಇರುತ್ತದೆ. ರ್‍ಯಾಲಿಗಾಗಿ ತಯಾರಾದ ಟೊಯೊಟಾ ಸೆಲಿಕಾ ಜಿಟಿ-ಫೋರ್ ಎಸ್‌ಟಿ205ಕ್ಕೆ ಕಂಪನಿಯೇ ಇಂಥ ಕೊಳವೆ ಜೋಡಿಸಿತ್ತು. ಆ ಬಿಸಿಗೆ ಟರ್ಬೊ, ಮ್ಯಾನಿಫೋಲ್ಡ್ ಎರಡೂ ಬೇಗ ಸವೆಯುವುದರಿಂದ ರ್‍ಯಾಲಿ ತಂಡಗಳು ಅವುಗಳನ್ನು ಬದಲಿಸುತ್ತಲೇ ಇರುತ್ತವೆ. ನನ್ನ ಕಾರಿಗೆ ಒಂದು ಬೋಲ್ಟನ್ನೂ ಹೊಸದಾಗಿ ಹಾಕಿರಲಿಲ್ಲ. ಕಾಲು ತೆಗೆದಾಗ ನಿಲ್ಲಬೇಕಾದ ಇಂಧನವನ್ನು ನಿಲ್ಲದಂತೆ ಮಾಡಿ, ಕಿಡಿಯನ್ನು ತಡವಾಗಿಸಿ, ಎಕ್ಸಾಸ್ಟಿನಲ್ಲಿ ಸಿಡಿಯುವಂತೆ ಮಾಡಿದ್ದರು, ಅಷ್ಟೇ.

ಚೆಕ್ ಎಂಜಿನ್ ದೀಪ ಹೊತ್ತಿಕೊಂಡಾಗ ಹುಬ್ಬಳ್ಳಿಯ ಪರಿಚಿತ ಮೆಕ್ಯಾನಿಕ್ ಒಬ್ಬರಲ್ಲಿಗೆ ಹೋದೆ. ಸ್ಕ್ಯಾನರಿನಲ್ಲಿ ಪಿ0420 ಕೋಡ್ ಬಂತು, ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಅವರು ಕ್ಲಚ್ ತುಳಿದು ಆಕ್ಸಿಲರೇಟರ್ ಪೂರ್ತಿ ಒತ್ತಿ ಲಾಂಚ್ ಹಿಡಿಯಲು ಹೇಳಿದರು. ಆರ್‌ಪಿಎಂ 4,000ದ ಬಳಿ ನಿಂತಿತು, ಹಿಂದೆ ಪಟಾಕಿಯಂತೆ ಸಿಡಿಯಿತು, ನಾನು ಹೆಮ್ಮೆಯಿಂದ ಅವರ ಮುಖ ನೋಡಿದೆ. ಅವರು ಏನೂ ಹೇಳದೆ ಸ್ಕ್ಯಾನರನ್ನು ನನ್ನ ಕಡೆಗೆ ತಿರುಗಿಸಿದರು. ಎಂಜಿನ್ನಿಗೆ ಗಾಳಿ ಹೋಗುವ ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ 90 ಕಿಲೋಪಾಸ್ಕಲನ್ನೂ ಮುಟ್ಟಿರಲಿಲ್ಲ. ಹೊರಗಿನ ಗಾಳಿಯ ಒತ್ತಡವೇ ಅದಕ್ಕಿಂತ ಹೆಚ್ಚು. ಬೂಸ್ಟ್, ಅಂದರೆ ಟರ್ಬೊ ಕೊಡಬೇಕಾದ ಹೆಚ್ಚುವರಿ ಒತ್ತಡ, ಸೊನ್ನೆ! ಇಷ್ಟು ದಿನ ಗೆಳೆಯರನ್ನು ಕೂರಿಸಿಕೊಂಡು ನಾನು ತೋರಿಸಿದ್ದು ಬೂಸ್ಟೇ ಇಲ್ಲದ ಲಾಂಚ್. ಬಳಿಕ ಅವರು ಕನ್ವರ್ಟರನ್ನು ಬೆರಳಿನಿಂದ ತಟ್ಟಿದಾಗ, ಒಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿ ಒಡೆದು ಗಲಗಲ ಎಂದಿತು.

ಅಂಗಡಿಯವನ ಉತ್ತರಗಳನ್ನು ಇದ್ದಂತೆಯೇ ಬರೆಯುತ್ತೇನೆ. ಮೊದಲು, “ಅಣ್ಣಾ, ನೀವು ಹಾಕಿಸಿದ ಪೆಟ್ರೋಲ್ ಸರಿ ಇಲ್ರಿ.” ಮೂಲ ಫೈಲನ್ನು ಮರಳಿ ಹಾಕಿಕೊಡು ಎಂದಾಗ, “ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗೈತ್ರಿ, ಬ್ಯಾಕಪ್ ಹೋತು.” ಬೂಸ್ಟ್ ಏಕಿಲ್ಲ ಎಂದು ಕೇಳಿದಾಗ, “ಸೌಂಡ್ ಬರ್ತೈತೋ ಇಲ್ಲೋ, ಮತ್ತೇನ್ ಬೇಕ್ರೀ?” ಸೌಂಡ್ ಬರ್ತೈತೋ ಇಲ್ಲೋ! ಕೊನೆಗೆ, ಹಾಳಾದ ಕನ್ವರ್ಟರನ್ನು ಕಿತ್ತುಹಾಕಿ ನೇರ ಪೈಪ್ ಕೂರಿಸಲು ಇನ್ನೂ 9,000 ಕೇಳಿದ. ಹೊಗೆ ಮತ್ತು ಸದ್ದಿನ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡವಿದೆ. ಅದನ್ನು ಹೇಳಿದೆ. “ಎಲ್ರೂ ಹಾಕಿಸ್ತಾರ್ರಿ” ಎಂದು ಫೋನ್ ಇಟ್ಟ.

ಬಾನೆಟ್ ಎತ್ತದೆ ಆ್ಯಂಟಿ-ಲ್ಯಾಗ್ ಹಾಕುತ್ತೇನೆ ಎನ್ನುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲ ಫೈಲಿನ ಪ್ರತಿ ನಿಮ್ಮ ಪೆನ್‌ಡ್ರೈವಿಗೆ ಬರುವವರೆಗೆ ಹೊಸ ಫೈಲ್ ಹಾಕಲು ಬಿಡಬೇಡಿ, ಮತ್ತು ಲಾಂಚ್ ಪರೀಕ್ಷೆಯನ್ನು ಕಿವಿಯಿಂದಲ್ಲ, ಸ್ಕ್ಯಾನರಿನ ಒತ್ತಡದ ಅಂಕಿಯಿಂದ ಮಾಡಿ. ವಾರಂಟಿ ಇರುವ ಕಾರಾದರೆ ಈ ಹಾದಿಯೇ ಬೇಡ. ಇಸಿಯುವಿನ, ಅಂದರೆ ಎಂಜಿನ್ ಕಂಪ್ಯೂಟರಿನ, ಫೈಲ್ ಬದಲಾಗಿರುವುದು ಕಂಡರೆ ಸರ್ವಿಸ್ ಸೆಂಟರಿನವರು ಕೈಯೆತ್ತುತ್ತಾರೆ.

ಬಿಲ್ಲನ್ನು ಅವನು ಕೊಟ್ಟಿಲ್ಲ. ಯುಪಿಐ ಪಾವತಿಯ ವಿವರ ಮತ್ತು ವಾಟ್ಸ್‌ಆ್ಯಪ್ ಮಾತುಕತೆಯನ್ನು ಲಗತ್ತಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧಪಡಿಸುತ್ತಿದ್ದೇನೆ. ಇದೇ ರೀತಿ ಮೋಸ ಹೋದವರು ನಮ್ಮ ಜಿಲ್ಲೆಯಲ್ಲಿದ್ದರೆ ಸಂದೇಶ ಕಳುಹಿಸಿ, ಒಟ್ಟಾಗಿ ಸಲ್ಲಿಸೋಣ.